ಸರ್ವರ್‌ಗೆ ಯಾವ ಲಿನಕ್ಸ್? ಮೊದಲು ಅದರ ಆಯಸ್ಸು ಕೇಳಿ

ಸರ್ವರ್‌ಗೆ ಯಾವ ಬಗೆಯ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಲಿ ಅಂತ ಕೇಳುವವರು ಯಾವುದು ಹೊಸದು, ಯಾವುದು ಫಾಸ್ಟ್ ಅಂತಲೇ ಶುರು ಮಾಡುತ್ತಾರೆ. ನಾನು ಮೊದಲು ನೋಡುವುದು ಎರಡೇ ವಿಷಯ. ಸೆಕ್ಯೂರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ? ಅದನ್ನು ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ?

ಎರಡನೇ ಪ್ರಶ್ನೆ ಯಾಕೆ ಅಂದರೆ, ಸೆಂಟ್‌ಒಎಸ್‌ಗೆ ಆದದ್ದು ನೆನಪಿದೆ ಅಲ್ವಾ? ರೆಡ್ ಹ್ಯಾಟ್ ಕಂಪನಿ ದುಡ್ಡಿಗೆ ಕೊಡುವ ಲಿನಕ್ಸ್‌ನ ಸೋರ್ಸ್ ಕೋಡ್‌ನಿಂದಲೇ ಕಟ್ಟಿ ಪುಕ್ಕಟೆ ಕೊಡುತ್ತಿದ್ದ ಸಿಸ್ಟಂ ಅದು. ಎಂಟನೇ ವರ್ಷನ್‌ಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ ಅಂತ ನಂಬಿ ಜನ ಹಾಕಿಕೊಂಡಿದ್ದರು. ಆದರೆ ಅದರ ಹಿಡಿತ ರೆಡ್ ಹ್ಯಾಟ್ ಕೈಯಲ್ಲೇ ಇತ್ತು. 2020ರ ಡಿಸೆಂಬರ್‌ನಲ್ಲಿ ಪ್ರಕಟಣೆ ಬಂತು: 2021ರ ಕೊನೆಗೇ ಮುಗಿಯಿತು. ಏಳು ವರ್ಷಕ್ಕೂ ಜಾಸ್ತಿ ಆಯಸ್ಸು ಒಂದೇ ದಿನದಲ್ಲಿ ಹೋಯಿತು. ಆ ಜಾಗ ತುಂಬಲು 2021ರಲ್ಲಿ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಬಂದವು. ರಾಕಿ ಅನ್ನುವುದು ಸೆಂಟ್‌ಒಎಸ್ ಶುರು ಮಾಡಿದವರಲ್ಲಿ ಒಬ್ಬರಾಗಿದ್ದ, ಈಗ ನಮ್ಮ ಜೊತೆ ಇಲ್ಲದ ರಾಕಿ ಮೆಕ್‌ಗಾ ಅವರ ಹೆಸರು. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ನನ್ನ ಆಯ್ಕೆ ಮಾತ್ರ ಡೆಬಿಯನ್. 1993ರಿಂದ ಇದೆ, ಯಾವ ಕಂಪನಿಯ ಸ್ವತ್ತೂ ಅಲ್ಲ, ಕೆಲಸ ಮಾಡುವವರೇ ಪ್ರತಿ ವರ್ಷ ಓಟು ಹಾಕಿ ಮುಂದಾಳನ್ನು ಆರಿಸುತ್ತಾರೆ. ಒಂದೊಂದು ವರ್ಷನ್‌ಗೂ ಮೂರು ವರ್ಷ ಪೂರ್ತಿ ಬೆಂಬಲ, ಆಮೇಲೆ ಇನ್ನೆರಡು ವರ್ಷ ಸೆಕ್ಯೂರಿಟಿ ಅಪ್‌ಡೇಟ್.

"ಅದರಲ್ಲಿ ಎಲ್ಲಾ ಹಳೇ ಸಾಫ್ಟ್‌ವೇರ್" ಅಂತ ದೂರುವವರಿದ್ದಾರೆ. ಹಳೇದು ನಿಜ, ಆದರೆ ತೂತು ಮುಚ್ಚದೆ ಬಿಟ್ಟದ್ದಲ್ಲ. 2024ರ ಜುಲೈನಲ್ಲಿ, ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಸಾಫ್ಟ್‌ವೇರ್‌ನಲ್ಲಿ ಒಂದು ದೊಡ್ಡ ದೋಷ ಹೊರಬಿತ್ತು. ಪಾಸ್‌ವರ್ಡ್ ಇಲ್ಲದೆಯೇ ದೂರದಿಂದ ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರದೊಂದಿಗೆ, ಒಳಗೆ ನುಗ್ಗಬಹುದಾದಂಥದ್ದು. ಮೂಲ ತಂಡ 9.8 ವರ್ಷನ್ ಬಿಟ್ಟಿತು. ಡೆಬಿಯನ್ 12ರಲ್ಲಿದ್ದದ್ದು 9.2. ಅಲ್ಲಿನವರು 9.8ಕ್ಕೆ ಹಾರದೆ, ದೋಷ ಸರಿಪಡಿಸುವ ತಿದ್ದುಪಡಿಯನ್ನಷ್ಟೇ 9.2ಕ್ಕೆ ಸೇರಿಸಿದರು. ಈಗಲೂ ವರ್ಷನ್ ನೋಡಿದರೆ 9.2 ಅಂತಲೇ ಇರುತ್ತದೆ, ಬಾಲದಲ್ಲಿ ಮಾತ್ರ "ಡೆಬ್12ಯು3" ಥರದ ಗುರುತು ಕಾಣುತ್ತದೆ. ಸೋರುವ ಹೆಂಚು ಬದಲಿಸುತ್ತೇವೆ, ಅದಕ್ಕೋಸ್ಕರ ಮನೆಯನ್ನೇ ಹೊಸದಾಗಿ ಕಟ್ಟಿಸುವುದಿಲ್ಲ. ಹೀಗಾಗಿ ಅಪ್‌ಡೇಟ್ ಮಾಡಿದ ರಾತ್ರಿ ನಿಮ್ಮ ಸೆಟ್ಟಿಂಗ್ ಕೆಟ್ಟು ಸೈಟ್ ಮಲಗುವ ಭಯ ಬಹಳ ಕಡಿಮೆ.

ಈ ನಿಧಾನ ಇನ್ನೊಂದು ಸಲ ಕಾಪಾಡಿತು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್‌ಗೆ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಬೇರೆಯವರಾಗಿದ್ದರೆ ಸುಮ್ನೆ ಬಿಡುತ್ತಿದ್ದರು. ಅವರು ಕೆದಕುತ್ತಾ ಹೋದರು, ಎಕ್ಸ್‌ಝಡ್ ಅನ್ನುವ ಫೈಲ್ ಕುಗ್ಗಿಸುವ ಸಾಫ್ಟ್‌ವೇರ್‌ನ 5.6.0, 5.6.1 ವರ್ಷನ್‌ಗಳಲ್ಲಿ ಯಾರೋ ಬೇಕಂತಲೇ ಬಚ್ಚಿಟ್ಟ ಕಳ್ಳಬಾಗಿಲು ಸಿಕ್ಕಿತು. ಡೆಬಿಯನ್‌ನ ಪರೀಕ್ಷೆಯ ಹಂತದವರೆಗೆ ಅದು ಬಂದಿತ್ತು. ಸರ್ವರ್‌ಗಳಲ್ಲಿ ಓಡುವ ಸ್ಟೇಬಲ್ ವರ್ಷನ್‌ಗೆ ತಲುಪಿರಲಿಲ್ಲ.

ಉಬುಂಟು ಅಭ್ಯಾಸ ಇದ್ದವರು ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಇರುವ) ವರ್ಷನ್ ಮಾತ್ರ ತೆಗೆದುಕೊಳ್ಳಿ, ಐದು ವರ್ಷ ನಿಶ್ಚಿಂತೆ. ನಡುವೆ ಬರುವ ವರ್ಷನ್‌ಗಳಿಗೆ ಒಂಬತ್ತೇ ತಿಂಗಳು. ಕಲಿಯಲು ಪುರುಸೊತ್ತು ಇದ್ದರೆ ಫ್ರೀಬಿಎಸ್‌ಡಿಯನ್ನೂ ನೋಡಿ. ಅದು ಲಿನಕ್ಸ್ ಅಲ್ಲ, ಬೇರೆಯೇ ಆಪರೇಟಿಂಗ್ ಸಿಸ್ಟಂ, ಆದರೆ ನೆಟ್‌ಫ್ಲಿಕ್ಸ್ ವಿಡಿಯೊ ಹಂಚುವ ಸರ್ವರ್‌ಗಳು ಓಡುವುದು ಅದರ ಮೇಲೆಯೇ.

ಡೆಬಿಯನ್ 12 ಈಗಾಗಲೇ ಹಾಕಿಕೊಂಡವರಿಗೆ 2028ರ ಜೂನ್‌ವರೆಗೆ ಸಮಯವಿದೆ. ಹೊಸದಾಗಿ ಹಾಕುವವರು 2025ರ ಆಗಸ್ಟ್‌ನಲ್ಲಿ ಬಂದ 13ನ್ನೇ ಹಾಕಿ.