ವಿಂಡೋಸ್ 10ರ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಬಹುದೇ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಹಾಕಲು ಆಗುತ್ತಿಲ್ಲ. ಯಂತ್ರವೇನೋ ಚೆನ್ನಾಗಿಯೇ ಓಡುತ್ತಿದೆ. ಹೊಸದು ಕೊಳ್ಳುವ ಬದಲು ಲಿನಕ್ಸ್ ಹಾಕಿಕೊಂಡರೆ ನಡೆಯುತ್ತದೆಯೇ?

ಉತ್ತರ: ಯಂತ್ರ ನಡೆಯುತ್ತದೆ. ನಿಮ್ಮ ಕೆಲಸ ನಡೆಯುತ್ತದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ.

ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು, ಇಂಟೆಲ್ ಆದರೆ, ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್‌ಗೆ ಈ ಷರತ್ತುಗಳಿಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಆರಾಮವಾಗಿ ಓಡುತ್ತದೆ.

ತೊಡಕು ಬರುವುದು ಸಾಫ್ಟ್‌ವೇರ್‌ನಲ್ಲಿ. ಬ್ರೌಸರ್, ಮೇಲ್, ವಿಡಿಯೊ ಅಷ್ಟೇ ಸಾಕೆನ್ನುವವರಿಗೆ ವ್ಯತ್ಯಾಸವೇ ಗೊತ್ತಾಗದು. ಫೋಟೋಶಾಪ್ ಇಲ್ಲದೆ ಆಗದು ಎನ್ನುವವರು ವಿಂಡೋಸ್‌ನಲ್ಲೇ ಇರುವುದು ಮೇಲು. ವರ್ಡ್ ಕಡತಗಳನ್ನು ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶ ತೆರೆಯುತ್ತದೆ, ಆದರೆ ಕ್ಯಾಲಿಬ್ರಿ ಫಾಂಟ್ ಇಲ್ಲದೆ ಪುಟದ ಸಾಲುಗಳು ಜರುಗಬಹುದು. ಅಷ್ಟೇ ಅಗಲದ ಅಕ್ಷರಗಳಿರುವ ಕಾರ್ಲಿಟೊ ಹಾಕಿಕೊಂಡರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಮ್ಯಾಕ್ರೊ (ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂ) ತುಂಬಿದ ಎಕ್ಸೆಲ್ ಹಾಳೆಗಳಿಗೆ ಇಂಥ ಸುಲಭದ ಮದ್ದಿಲ್ಲ.

ಡಿಸ್ಕ್ ಮುಟ್ಟದೆಯೇ ಪರೀಕ್ಷಿಸಬಹುದು. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ವಿಂಡೋಸ್ ತಂತ್ರಾಂಶದಿಂದ ಮಿಂಟ್‌ನ ಐಎಸ್‌ಒ ಕಡತವನ್ನು (ಇಡೀ ವ್ಯವಸ್ಥೆ ಅಡಗಿರುವ ಕಡತ) ಬರೆಯಿರಿ (ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ), ಆ ಪೆನ್‌ಡ್ರೈವ್‌ನಿಂದಲೇ ಯಂತ್ರವನ್ನು ಬೂಟ್ ಮಾಡಿ. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರಗೊಳ್ಳುತ್ತದೆಯೇ ಎಂಬುದನ್ನೂ ನೋಡಿ. ಬಹಳ ಜನ ಮರೆಯುವುದು ಇದನ್ನೇ. ವೇಗವನ್ನು ಮಾತ್ರ ಇಲ್ಲಿ ಅಳೆಯಬೇಡಿ, ಪೆನ್‌ಡ್ರೈವ್ ಯಾವಾಗಲೂ ನಿಧಾನ. ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್‌ಗಳು ಮೊದಲಿಗೆ ಕಾಣಿಸುವುದಿಲ್ಲ. ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚುವ ಸೌಲಭ್ಯ) ಹಾಕಿ, ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಿಂದ ಆ ಚಿಪ್ ನಡೆಸುವ ಡ್ರೈವರ್ ಇಳಿಸಿಕೊಳ್ಳಿ.

ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳುವುದಾದರೆ ಕಡತಗಳ ಪ್ರತಿಯನ್ನು ಬೇರೆ ಡಿಸ್ಕ್‌ಗೆ ತೆಗೆದ ಮೇಲೆಯೇ ಮುಂದಿನ ಹೆಜ್ಜೆ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೂಟ್ ವ್ಯವಸ್ಥೆ ಬದಲಾದಾಗ ವಿಂಡೋಸ್ ಅದನ್ನು ಕೇಳಬಹುದು, ಕೀ ಇಲ್ಲದಿದ್ದರೆ ದತ್ತಾಂಶ ಕೈತಪ್ಪಿದಂತೆಯೇ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದಿದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ, ಅದರ ಪಾರ್ಟಿಶನ್‌ಗೆ (ಡಿಸ್ಕ್‌ನ ಭಾಗಕ್ಕೆ) ಲಿನಕ್ಸ್‌ನಿಂದ ಬರೆಯಲಾಗುವುದಿಲ್ಲ. ಮಿಂಟ್‌ಗೆ ಜಾಗ ಬಿಡಲು ವಿಂಡೋಸ್‌ನ ಪಾರ್ಟಿಶನ್ ಅನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕುಗ್ಗಿಸಿ. ಮಿಂಟ್‌ಗೆ ಕನಿಷ್ಠ 20 ಜಿಬಿ ಸಾಕೆನ್ನುತ್ತಾರೆ, 50 ಕೊಟ್ಟರೆ ಮುಂದೆ ಪರದಾಟವಿಲ್ಲ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಡಿಸ್ಕ್ ನಿರ್ವಹಿಸುವ ಇಂಟೆಲ್ ಆರ್‌ಎಸ್‌ಟಿ ಚಾಲೂ ಇರಬಹುದು. ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನಕ್ಕೆ ಬದಲಿಸಬೇಕು, ಆದರೆ ಅದಕ್ಕೂ ಮೊದಲು ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುವಂತೆ ಮಾಡಿಡಿ, ಇಲ್ಲವಾದರೆ ನೀಲಿ ಪರದೆ ಬಂದೀತು. ಇನ್ನು, ಎರಡರ ನಡುವೆ ಓಡಾಡುವಾಗ ಗಡಿಯಾರ ತಪ್ಪಾದರೆ ಗಾಬರಿ ಬೇಡ: ಮದರ್‌ಬೋರ್ಡ್‌ನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಎಂದು.