ವೇಟ್ ರಿಗೇನ್: ಬೇರಿಯಾಟ್ರಿಕ್ ಸರ್ಜರಿ ಆದ ಮೇಲೆ ತೂಕ ಮತ್ತೆ ಏರಿದರೆ

2011ರಲ್ಲಿ ನಿತಿನ್ ಗಡ್ಕರಿ ಮುಂಬೈಯಲ್ಲಿ ಬೇರಿಯಾಟ್ರಿಕ್ ಸರ್ಜರಿ, ಅಂದರೆ ತೂಕ ಇಳಿಸಲು ಹೊಟ್ಟೆಗೆ ಮಾಡುವ ಆಪರೇಷನ್, ಮಾಡಿಸಿಕೊಂಡಾಗ ಅದು ಪೇಪರಿನ ಸುದ್ದಿ. ಈಗ ನಮ್ಮ ಮಾಟುಂಗ, ಡೊಂಬಿವಲಿ ಕಡೆಯ ಮದುವೆ ಊಟದಲ್ಲೂ ಅದರ ಮಾತು ಬರುತ್ತದೆ. ಮೊದಲ ವರ್ಷ "ಎಷ್ಟು ಸಪೂರ ಆದಿರಿ ಮಾರಾಯ್ರೆ" ಅನ್ನುತ್ತಾರೆ. ನಾಲ್ಕೈದು ವರ್ಷ ಕಳೆದ ಮೇಲೆ ಅವರೇ "ಅಷ್ಟು ದುಡ್ಡು ಸುರಿದು ಪುನಃ ದಪ್ಪ ಆದ್ರಲ್ಲ" ಅನ್ನುತ್ತಾರೆ. ಈ ಎರಡನೇ ಮಾತಿಗೆ ಕಾರಣವಾಗುವ ಸಂಗತಿಗೆ ಡಾಕ್ಟರುಗಳು ವೇಟ್ ರಿಗೇನ್ ಎನ್ನುತ್ತಾರೆ.

ಸರ್ಜರಿ ಆದ ಮೇಲೆ ಒಂದರಿಂದ ಎರಡು ವರ್ಷದೊಳಗೆ ತೂಕ ತನ್ನ ಅತಿ ಕೆಳಗಿನ ಮಟ್ಟ ಮುಟ್ಟುತ್ತದೆ. ಇದಕ್ಕೆ ನೇಡಿರ್ ತೂಕ ಎಂದು ಹೆಸರು. ಅಲ್ಲಿಂದ ಮೇಲಕ್ಕೆ ಎಷ್ಟು ಏರಿತು ಎಂಬುದೇ ರಿಗೇನ್. ಸರ್ಜರಿಗೆ ಮುಂಚಿನ ತೂಕವನ್ನು ಇಟ್ಟುಕೊಂಡು ಲೆಕ್ಕ ಹಾಕುವುದಲ್ಲ. ಮೊದಲಿನಿಂದಲೇ ತೂಕ ಸಾಕಷ್ಟು ಇಳಿಯದಿದ್ದರೆ ಅದು ಬೇರೆ ಸಮಸ್ಯೆ, ಅದನ್ನು ರಿಗೇನ್ ಅನ್ನುವುದಿಲ್ಲ.

ಎಷ್ಟು ಏರಿದರೆ ಚಿಂತೆ ಮಾಡಬೇಕು? ಇದಕ್ಕೆ ಒಂದೇ ಅಳತೆ ಇಲ್ಲ. ಕೆಲವರು ನೇಡಿರ್‌ಗಿಂತ 10 ಕಿಲೋ ಜಾಸ್ತಿ ಆದರೆ ಎನ್ನುತ್ತಾರೆ. ಕೆಲವರು ನೇಡಿರ್ ತೂಕದ 10% ಎನ್ನುತ್ತಾರೆ. ಕಳೆದುಕೊಂಡಿದ್ದರ ಕಾಲು ಭಾಗ ವಾಪಸ್ ಬಂದರೆ ಎನ್ನುವವರೂ ಇದ್ದಾರೆ. 120 ಕಿಲೋ ಇದ್ದವರು 82ಕ್ಕೆ ಇಳಿದು ಈಗ 91 ಆಗಿದ್ದಾರೆ ಎಂದುಕೊಳ್ಳಿ. 10% ಲೆಕ್ಕದಲ್ಲಿ ಇವರಿಗೆ ರಿಗೇನ್ ಆಗಿದೆ. 10 ಕಿಲೋ ಲೆಕ್ಕದಲ್ಲಿ ಆಗಿಲ್ಲ! "ಇಷ್ಟು ಜನರಿಗೆ ತೂಕ ವಾಪಸ್ ಬರುತ್ತದೆ" ಎಂಬ ಅಂಕಿಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಇದೂ ಒಂದು ಕಾರಣ.

ಸ್ವಲ್ಪ ಏರುವುದು ಮಾತ್ರ ಸಹಜವೇ. ಸ್ವೀಡನ್ನಿನಲ್ಲಿ ಬಹಳ ವರ್ಷ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2007ರಲ್ಲಿ ಬಂತು. ಗ್ಯಾಸ್ಟ್ರಿಕ್ ಬೈಪಾಸ್ (ಹೊಟ್ಟೆಯ ಮೇಲ್ಭಾಗದಲ್ಲಿ ಪೌಚ್ ಎಂಬ ಚಿಕ್ಕ ಚೀಲ ಮಾಡಿ ಅದನ್ನು ನೇರ ಕರುಳಿಗೆ ಜೋಡಿಸುವ ಸರ್ಜರಿ) ಮಾಡಿಸಿಕೊಂಡವರ ತೂಕ ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ 32% ಇಳಿದಿತ್ತು. ಹತ್ತು ವರ್ಷದ ಹೊತ್ತಿಗೆ ಅದು 25%ಕ್ಕೆ ಬಂದು ನಿಂತಿತ್ತು. ಅಂದರೆ ಒಂದಿಷ್ಟು ವಾಪಸ್ ಬಂತು, ಆದರೆ ಹೆಚ್ಚಿನ ಪಾಲು ಉಳಿಯಿತು. ಇದನ್ನು ಸರ್ಜರಿ ಸೋತಿತು ಅನ್ನುವುದು ನನ್ನ ಪ್ರಕಾರ ಅನ್ಯಾಯ.

ಯಾಕೆ ಏರುತ್ತದೆ? ತೂಕ ಇಳಿದಾಗ ದೇಹ ಖರ್ಚು ಮಾಡುವ ಶಕ್ತಿಯೂ ಇಳಿಯುತ್ತದೆ. ಕೊಬ್ಬಿನ ಜೊತೆ ಸ್ನಾಯುವೂ ಕರಗುವುದರಿಂದ ಈ ಇಳಿಕೆ ಇನ್ನೂ ಜಾಸ್ತಿ. ಸ್ಲೀವ್ ಎಂಬ ಇನ್ನೊಂದು ಬಗೆಯ ಸರ್ಜರಿಯಲ್ಲಿ ಹೊಟ್ಟೆಯ ಸುಮಾರು 80% ತೆಗೆದುಬಿಡುತ್ತಾರೆ. ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೆಚ್ಚಾಗಿ ಹುಟ್ಟುವ ಭಾಗವೂ ಅದರೊಂದಿಗೆ ಹೋಗುತ್ತದೆ. ಹಾಗಾಗಿ ಮೊದಮೊದಲು ಹಸಿವೇ ಆಗುವುದಿಲ್ಲ ಅನ್ನುವವರಿದ್ದಾರೆ. ಆ ದಿನಗಳು ಹಾಗೇ ಉಳಿಯುವುದಿಲ್ಲ. ಉಳಿದ ಹೊಟ್ಟೆ ವರ್ಷ ಕಳೆದಂತೆ ಸ್ವಲ್ಪ ಹಿಗ್ಗಬಹುದು. ಬೈಪಾಸ್‌ನಲ್ಲಾದರೆ ಪೌಚ್ ಮತ್ತು ಕರುಳು ಸೇರುವ ಬಾಯಿ ಅಗಲವಾಗಬಹುದು.

ಆದರೆ ನಮ್ಮವರ ಮಟ್ಟಿಗೆ ನಾನು ಮೊದಲು ಅನುಮಾನ ಪಡುವುದು ಮೆತ್ತಗಿನ ತಿಂಡಿಯ ಮೇಲೆ. ಡಯಟೀಷಿಯನ್‌ಗಳು ಇದಕ್ಕೆ ಸ್ಲೈಡರ್ ಫುಡ್ ಎಂದು ಹೆಸರಿಟ್ಟಿದ್ದಾರೆ. ಒಂದು ತುಂಡು ಚಿಕನ್ ಅಥವಾ ಗಟ್ಟಿ ಪನೀರ್ ತಿಂದರೆ ಚಿಕ್ಕ ಹೊಟ್ಟೆ ಬೇಗ ತುಂಬುತ್ತದೆ. ಚಹಾದಲ್ಲಿ ಅದ್ದಿದ ಖಾರಿ ಬಿಸ್ಕಿಟು ಹಾಗಲ್ಲ, ಸುಮ್ನೆ ಜಾರಿ ಕೆಳಗೆ ಹೋಗುತ್ತದೆ. ಸಾಂಬಾರಿನಲ್ಲಿ ನೆನೆದ ಇಡ್ಲಿ, ಶೀರಾ, ಐಸ್‌ಕ್ರೀಮು, ಹಣ್ಣಿನ ಜ್ಯೂಸು ಎಲ್ಲವೂ ಇದೇ ಜಾತಿ. ಹೊಟ್ಟೆ ತುಂಬಿದ ಅನಿಸಿಕೆಯೇ ಬರುವುದಿಲ್ಲ. ಆದರೆ ಕ್ಯಾಲೊರಿ ಪೂರ್ತಿ ಸಿಗುತ್ತದೆ.

ಇದಕ್ಕೆ ಮುಂಬೈಯ ದಿನಚರಿ ಬೇರೆ ಸೇರುತ್ತದೆ. ಬೆಳಿಗ್ಗೆ ಲೋಕಲ್ ಹತ್ತುವ ಮುಂಚೆ ಒಂದು ಕಟಿಂಗ್, ಅಂದರೆ ಅರ್ಧ ಗ್ಲಾಸ್ ಚಹಾ. ಆಫೀಸಿನಲ್ಲಿ ಇನ್ನೊಂದು, ಜೊತೆಗೆ ಸ್ವಲ್ಪ ಫರ್ಸಾಣ್. ಸಂಜೆ ಸ್ಟೇಷನ್ನಿನಲ್ಲಿ ಅರ್ಧ ವಡಾ ಪಾವ್. ಕೇಳಿದರೆ "ನಾನೆಲ್ಲಿ ಊಟ ಮಾಡ್ತೇನೆ, ಎರಡು ಚಮಚ ಅನ್ನ ಅಷ್ಟೆ" ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಊಟ ನಿಜಕ್ಕೂ ಅಷ್ಟೇ. ಹೀಗೆ ದಿನವಿಡೀ ಚೂರುಚೂರು ತಿನ್ನುವುದಕ್ಕೆ ಗ್ರೇಜಿಂಗ್ ಅನ್ನುತ್ತಾರೆ. ಸರ್ಜರಿ ಕಟ್ಟಿಹಾಕುವುದು ಒಂದು ಹೊತ್ತಿನ ಊಟವನ್ನು. ಇಡೀ ದಿನದ ಬಾಯಾಡಿಸುವಿಕೆಯನ್ನು ಅಲ್ಲ. ಮದ್ಯವನ್ನೂ ಇಲ್ಲೇ ಸೇರಿಸಬೇಕು. ಬೈಪಾಸ್ ಆದವರಿಗೆ ಅದು ಬೇಗ ತಲೆಗೇರುತ್ತದೆ, ಚಟವಾಗುವ ಅಪಾಯವೂ ಜಾಸ್ತಿ.

ಇನ್ನು ಥೈರಾಯ್ಡ್ ತೊಂದರೆ, ಸ್ಟೀರಾಯ್ಡ್ ಅಥವಾ ಖಿನ್ನತೆಯ ಕೆಲವು ಮಾತ್ರೆಗಳು, ನಿದ್ದೆಗೆಡುವುದು, ಮುಟ್ಟು ನಿಲ್ಲುವ ವಯಸ್ಸು, ಇವೂ ಕಾರಣ ಆಗಬಹುದು.

ತೂಕ ಏರುತ್ತಿದೆ ಅನಿಸಿದರೆ ಸರ್ಜನ್ ಹತ್ತಿರ ವಾಪಸ್ ಹೋಗುವುದು ಮೊದಲ ಕೆಲಸ. ಕಷ್ಟದ ಕೆಲಸವೂ ಅದೇ. ನಾಚಿಕೆ ಆಗುತ್ತದೆ, ಅಲ್ವಾ? "ಬಯ್ತಾರೆ" ಎಂದು ಫಾಲೋ-ಅಪ್ ಬಿಟ್ಟವರ ತೂಕ ಇನ್ನೂ ಏರುತ್ತದೆ. ಮೇಲೆ ಹೇಳಿದ ಮದುವೆ ಮನೆಯ ಮಾತು ಮಾಡುವ ಹಾನಿ ಇದು, ಆಡುವವರು ತುಸು ಯೋಚಿಸಿದರೆ ಒಳ್ಳೆಯದು. ಸರ್ಜನ್ ಹತ್ತಿರ ಹೋದರೆ ರಕ್ತ ಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿ ಅಥವಾ ಬೇರಿಯಂ ಎಕ್ಸ್-ರೇ ಮಾಡಿ ಒಳಗೆ ಏನಾದರೂ ಹಿಗ್ಗಿದೆಯಾ ನೋಡುತ್ತಾರೆ. ಬಿ12, ಕಬ್ಬಿಣ, ವಿಟಮಿನ್ ಡಿ ಕೂಡ ನೋಡಿಸಬೇಕು. ತೂಕ ಏರಿದೆ ಎಂದರೆ ಪೋಷಣೆ ಸರಿಯಿದೆ ಎಂದು ಅರ್ಥವಲ್ಲ.

ತಟ್ಟೆಯಲ್ಲಿ ಬದಲಾವಣೆ ಪ್ರೋಟೀನಿನಿಂದ ಶುರು. ದಿನಕ್ಕೆ ಕನಿಷ್ಠ 60 ಗ್ರಾಂ ಎಂಬುದು ಸಾಮಾನ್ಯ ಗುರಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಇಡ್ಲಿಯಲ್ಲಿ ಸುಮಾರು 2. ಬಂಗುಡೆ ಸಾರಿದ್ದರೆ ಮೀನು ಮೊದಲು, ಅನ್ನ ಕೊನೆಗೆ, ಅದೂ ಜಾಗ ಇದ್ದರೆ. ಸಸ್ಯಾಹಾರಿಗಳಿಗೆ ಪನೀರ್, ಸೋಯಾ, ಮೊಳಕೆ ಕಾಳು, ಗಟ್ಟಿ ಮೊಸರು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ ಅನ್ನುತ್ತಾರೆ. ನಡಿಗೆ ಒಳ್ಳೆಯದೇ, ಆದರೆ ಸ್ನಾಯು ಉಳಿಯಲು ಭಾರ ಎತ್ತುವ ವ್ಯಾಯಾಮವೂ ಬೇಕು.

ಇಷ್ಟಕ್ಕೂ ಬಗ್ಗದಿದ್ದರೆ ಔಷಧಿ ಇದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ ಮೌಂಜಾರೊ ಹೆಸರಿನಲ್ಲಿ 2025ರ ಮಾರ್ಚಿನಲ್ಲಿ ಭಾರತಕ್ಕೆ ಬಂತು. ಸೆಮಾಗ್ಲುಟೈಡ್‌ನ ವೆಗೋವಿ ಅದೇ ವರ್ಷ ಜೂನಿನಲ್ಲಿ. ಸರ್ಜರಿ ಆದವರಿಗೂ ಡಾಕ್ಟರುಗಳು ಇವನ್ನು ಬರೆದುಕೊಡುತ್ತಾರೆ. ನಿಲ್ಲಿಸಿದರೆ ತೂಕ ಮತ್ತೆ ಬರುವುದು ಇಲ್ಲೂ ಇದೆ. ಹಸಿವು ತೀರಾ ಕಡಿಮೆಯಾಗಿ ಪ್ರೋಟೀನೂ ತಪ್ಪಬಹುದು, ಆದ್ದರಿಂದ ಮೆಡಿಕಲ್ ಶಾಪಿನವರನ್ನು ಕೇಳಿ ತಾವೇ ಶುರು ಮಾಡುವ ವಸ್ತು ಅಲ್ಲ.

ಎರಡನೇ ಸರ್ಜರಿ, ಅಂದರೆ ರಿವಿಷನ್, ಕೊನೆಯ ಮಾತು. ಸ್ಲೀವ್ ಇದ್ದವರಿಗೆ ಅದನ್ನು ಬೈಪಾಸ್ ಆಗಿ ಬದಲಿಸಬಹುದು. ಬೈಪಾಸ್‌ನ ಅಗಲವಾದ ಬಾಯಿಯನ್ನು ಎಂಡೋಸ್ಕೋಪಿಯಿಂದಲೇ ಹೊಲಿದು ಕಿರಿದು ಮಾಡುವ ವಿಧಾನವೂ ಇದೆ. ಮೊದಲನೆಯದಕ್ಕಿಂತ ರಿವಿಷನ್ ಸರ್ಜರಿಯಲ್ಲಿ ತೊಂದರೆಗಳ ಸಾಧ್ಯತೆ ಹೆಚ್ಚು. ಪರೀಕ್ಷೆಯಲ್ಲಿ ಹೊಟ್ಟೆ ಹಿಗ್ಗಿದ್ದು ಕಾಣದೆ, ಕಾರಣ ಖಾರಿ ಮತ್ತು ಕಟಿಂಗ್ ಆಗಿದ್ದರೆ, ಇನ್ನೊಮ್ಮೆ ಕೊಯ್ಯಿಸಿಕೊಂಡರೂ ಅವು ಜಾರಿ ಹೋಗುತ್ತಲೇ ಇರುತ್ತವೆ.