ಜೀವಂತ ಬ್ಯಾಕ್ಟೀರಿಯಾ, ಅವಕೆಂಪು ಬೆಳಕು ಮತ್ತು ನೀರಿನ ಕಾಟ

ಮಂಗಳೂರಿರಲಿ, ಮಣಿಪಾಲವಿರಲಿ, ಎಫ್‌ಟಿಐಆರ್ ಯಂತ್ರ (ವಸ್ತು ಯಾವ ಅವಕೆಂಪು ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆದು ಅದರಲ್ಲೇನಿದೆ ಎಂದು ತಿಳಿಸುವ ಉಪಕರಣ) ನೋಡಿಕೊಳ್ಳುವವರಿಗೆ ಜೂನ್ ಬಂತೆಂದರೆ ಮೊದಲ ಕೆಲಸ ಅದರೊಳಗಿನ ಸಿಲಿಕಾ ಜೆಲ್ ಬದಲಿಸುವುದು. ಬೆಳಕನ್ನು ಎರಡಾಗಿ ಸೀಳುವ ಬೀಮ್‌ಸ್ಪ್ಲಿಟರ್ ಸಾಮಾನ್ಯವಾಗಿ ಪೊಟ್ಯಾಸಿಯಂ ಬ್ರೋಮೈಡ್‌ನದು. ಅದೂ ಒಂದು ಉಪ್ಪೇ. ಮಳೆಗಾಲದ ತೇವ ಹೀರಿ ಮಬ್ಬಾಗುತ್ತದೆ. ಬ್ಯಾಕ್ಟೀರಿಯಾವನ್ನು ಬದುಕಿರುವಾಗಲೇ ನೋಡಹೊರಟವರಿಗೆ ನೀರು ಮಾದರಿಯೊಳಗೇ ಕೂತಿರುತ್ತದೆ: ಜೀವಕೋಶದ ತೂಕದಲ್ಲಿ ಸುಮಾರು ಶೇ 70 ಅದೇ. ಈ ವಿದ್ಯೆಯ ಇತಿಹಾಸ ಬಹುಪಾಲು ಆ ನೀರಿನೊಂದಿಗಿನ ಜಟಾಪಟಿ.

ಅವಕೆಂಪು ಕಿರಣವನ್ನು ವಿಲಿಯಂ ಹರ್ಷೆಲ್ ಗುರುತಿಸಿದ್ದು 1800ರಲ್ಲಿ. 1905ರಲ್ಲಿ ಅಮೆರಿಕದ ಕೋಬ್ಲೆಂಟ್ಸ್ ನೂರಾರು ವಸ್ತುಗಳ ರೋಹಿತಗಳನ್ನು (ಯಾವ ಅಲೆಯ ಬೆಳಕನ್ನು ವಸ್ತು ಎಷ್ಟು ಹೀರಿತೆಂಬ ರೇಖಾಚಿತ್ರ) ಪ್ರಕಟಿಸಿದರು. 1950ರ ದಶಕದಲ್ಲಿ ಬ್ಯಾಕ್ಟೀರಿಯಾದ ಸರದಿ ಬಂತು. ಆದರೆ ಎಲ್ಲ ಜಾತಿಯಲ್ಲೂ ಇರುವುದು ಅದೇ ಪ್ರೋಟೀನ್, ಅದೇ ಕೊಬ್ಬು, ಅದೇ ಸಕ್ಕರೆ ಸರಪಳಿ. ರೋಹಿತಗಳ ವ್ಯತ್ಯಾಸ ತೀರ ಸಣ್ಣದು. ಆಗಿನ ನಿಧಾನದ ಯಂತ್ರಗಳಿಗೆ ಅದು ನಿಲುಕಲಿಲ್ಲ, ಜನ ಕೈಬಿಟ್ಟರು. ಯಂತ್ರದ ಕಚ್ಚಾ ಸಂಕೇತವನ್ನು ಬೇಗ ರೋಹಿತವಾಗಿಸುವ 1965ರ ಕೂಲಿ–ಟ್ಯೂಕಿ ಗಣಿತಕ್ರಮ, ಅಗ್ಗದ ಕಂಪ್ಯೂಟರ್ ಎರಡೂ ಸೇರಿ ಎಫ್‌ಟಿಐಆರ್ ಬಳಕೆಗೆ ಬಂದ ಮೇಲೆ ಬರ್ಲಿನ್ನಿನ ರಾಬರ್ಟ್ ಕಾಖ್ ಸಂಸ್ಥೆಯ ಡೀಟರ್ ನೌಮನ್ ತಂಡ ಇದಕ್ಕೆ ಮರುಜೀವ ಕೊಟ್ಟಿತು. ಅವರ ಲೇಖನ 1991ರಲ್ಲಿ ‘ನೇಚರ್’ನಲ್ಲಿ ಬಂತು. ಅಲ್ಲಿ ನೀರನ್ನು ಗೆದ್ದದ್ದು ಒಣಗಿಸಿ. ತಳಿ ಗುರುತಿಸಲು ಅಷ್ಟು ಸಾಕು, ಬೆಳವಣಿಗೆ ನೋಡಲು ಸಾಲದು.

ತೊಡಕು ಇಷ್ಟೇ: ಪ್ರೋಟೀನಿನ ಗುರುತಾದ ಅಮೈಡ್-1 ಪಟ್ಟಿ (ಪಟ್ಟಿ ಎಂದರೆ ಬೆಳಕು ಹೀರಲ್ಪಡುವ ಜಾಗ) ಬೀಳುವುದು 1650ರ (ಪ್ರತಿ ಸೆಂ.ಮೀ.ಗೆ ಇಷ್ಟು ಅಲೆಗಳು; ಮುಂದಿನ ಪಟ್ಟಿಗಳ ಸಂಖ್ಯೆಗಳೂ ಇದೇ ಲೆಕ್ಕ) ಆಸುಪಾಸು, ನೀರಿನ ದೊಡ್ಡ ಪಟ್ಟಿ 1640ರಲ್ಲಿ. ಬೆಳಕನ್ನು ನೀರಿನ ಮೂಲಕ ಹಾಯಿಸುವುದಾದರೆ ಪದರ 10 ಮೈಕ್ರಾನ್ ಮೀರಬಾರದು. ದಾರಿ ತೋರಿದ್ದು 1960ರ ಸುಮಾರಿಗೆ ಹ್ಯಾರಿಕ್ ಮತ್ತು ಫಾರೆನ್‌ಫೋರ್ಟ್ ಬೇರೆಬೇರೆಯಾಗಿ ರೂಪಿಸಿದ ಎಟಿಆರ್, ಅಂದರೆ ಮಾದರಿಯನ್ನು ಹರಳಿನ ಮೇಲಿಟ್ಟು ಬೆಳಕನ್ನು ಹರಳಿನೊಳಗಿಂದ ಹಾಯಿಸುವ ವಿಧಾನ. ಹರಳಿನೊಳಗೆ ಪುಟಿಯುವ ಬೆಳಕು ಮೇಲ್ಮೈಯಿಂದ ತುಸುವೇ ಹೊರಚಾಚುತ್ತದೆ: 45 ಡಿಗ್ರಿಯಲ್ಲಿ ಜಿಂಕ್ ಸೆಲೆನೈಡ್‌ಗೆ ಸುಮಾರು 0.9 ಮೈಕ್ರಾನ್, ಜರ್ಮೇನಿಯಂಗೆ 0.4. ಬ್ಯಾಕ್ಟೀರಿಯಾದ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಹರಳಿಗೆ ಅಂಟಿದ್ದು ಕಾಣುತ್ತದೆ, ಮೇಲೆ ತೇಲುವುದು ಕಾಣುವುದಿಲ್ಲ. 1990ರ ದಶಕದ ಬಯೋಫಿಲ್ಮ್ (ಮೇಲ್ಮೈಗೆ ಅಂಟಿ ಲೋಳೆಯೊಳಗೆ ಬೆಳೆಯುವ ಬ್ಯಾಕ್ಟೀರಿಯಾ ಪದರ) ಪ್ರಯೋಗಗಳು ನಿಂತದ್ದು ಇದರ ಮೇಲೆಯೇ.

ಕೆಲಸದ ಕ್ರಮ ಸರಳ. ಹರಿವಿನ ಕೋಶವನ್ನು (ಹರಳಿನ ಮೇಲೆ ದ್ರವ ಹರಿಯುವ ಪುಟ್ಟ ಪೆಟ್ಟಿಗೆ) ಶೇ 70 ಎಥನಾಲ್‌ನಿಂದ ತೊಳೆದು, ಬರಿಯ ಪೋಷಕ ದ್ರವ ಹರಿಸಿ, ರೇಖೆ ಅಲುಗಾಡದೆ ನಿಂತ ಮೇಲೆ ಬ್ಯಾಕ್‌ಗ್ರೌಂಡ್ (ಬ್ಯಾಕ್ಟೀರಿಯಾ ಇಲ್ಲದ, ಹೋಲಿಕೆಯ ರೋಹಿತ) ದಾಖಲಿಸಬೇಕು. ಬ್ಯಾಕ್ಟೀರಿಯಾ ಬಿಟ್ಟು ಒಂದೆರಡು ಗಂಟೆ ಅಂಟಲು ಕೊಟ್ಟು, ಮತ್ತೆ ಹರಿವು ಶುರುಮಾಡಿ, 15 ನಿಮಿಷಕ್ಕೊಂದು ರೋಹಿತ. ರೆಸಲ್ಯೂಶನ್ (ಪಟ್ಟಿಗಳನ್ನು ಬಿಡಿಸಿ ತೋರುವ ಸೂಕ್ಷ್ಮತೆ) ಪ್ರತಿ ಸೆಂ.ಮೀ.ಗೆ 4, ಒಂದು ರೋಹಿತಕ್ಕೆ ಸ್ಕ್ಯಾನ್ 128 ಅಥವಾ 256. ನಂಬಬೇಕಾದ್ದು 1550ರ ಅಮೈಡ್-2 ಪಟ್ಟಿಯನ್ನು. ಅಲ್ಲಿ ನೀರಿನ ಹಾವಳಿ ಕಡಿಮೆ. 1080ರ ಸುತ್ತ ಸಕ್ಕರೆ ಸರಪಳಿಗಳ ಪಟ್ಟಿ. ಆದರೆ ಫಾಸ್ಫೇಟ್ ಬಫರ್ ಕೂಡ ಅಲ್ಲೇ ತಲೆಯೆತ್ತುವುದರಿಂದ ಅದನ್ನು ಬಯೋಫಿಲ್ಮ್‌ನ ಸಕ್ಕರೆಯ ಲೋಳೆಯೆಂದು ಓದುವವರು ಬಹಳ.

ಕೆಡುವುದು ಹಲವು ಬಗೆಯಲ್ಲಿ. ದ್ರವದ ಗಾಳಿ ತೆಗೆಯದಿದ್ದರೆ ಗುಳ್ಳೆ ಕೂತು ನೀರಿನ ಪಟ್ಟಿ ತಲೆಕೆಳಗಾಗುತ್ತದೆ. ಎಸಿ ಆಗಾಗ ಆನ್-ಆಫ್ ಆದರೆ ಆ ಪಟ್ಟಿಯೇ ಸರಿಯುತ್ತದೆ, ಹಾಗಾಗಿ ಕೋಶಕ್ಕೆ ಬೇರೆಯದೇ ತಾಪ ನಿಯಂತ್ರಣ ಬೇಕು. ಪೆಪ್ಟೋನ್ (ಅರೆಜೀರ್ಣವಾದ ಪ್ರೋಟೀನ್) ಇರುವ ದ್ರವದ ಪ್ರೋಟೀನ್ ಹರಳಿಗೆ ಅಂಟಿ, ಒಂದೂ ಬ್ಯಾಕ್ಟೀರಿಯಾ ಇಲ್ಲದೆಯೂ ಅಮೈಡ್ ಏರುತ್ತದೆ. ಪದರ ಒಂದೆರಡು ಮೈಕ್ರಾನ್ ದಾಟಿದ ಮೇಲೆ ಬೆಳಕು ಅದರಾಚೆ ತಲುಪದೆ ಸಂಕೇತ ಏರುವುದು ಬಹುತೇಕ ನಿಲ್ಲುತ್ತದೆ. ಬೆಳವಣಿಗೆ ನಿಂತಿದೆ ಎಂದು ಬರೆದುಬಿಡಬೇಡಿ. ಕರಾವಳಿಯಲ್ಲಿ ಇದಕ್ಕೆಲ್ಲ ಮೇಲೊಂದು: ಗಾಳಿಯ ಆವಿಯ ಚೂಪು ಗೆರೆಗಳು 1300ರಿಂದ 1900ರವರೆಗೂ ಹರಡಿ ಅಮೈಡ್ ಪಟ್ಟಿಗಳ ಮೇಲೆ ಕೂರುತ್ತವೆ. ಬೆರೆತ ಪಟ್ಟಿಗಳನ್ನು ಬಿಡಿಸಲು ಬಳಸುವ ಗಣಿತವಾದ ಎರಡನೇ ಡೆರಿವೇಟಿವ್ ತೆಗೆದರಂತೂ ಅವೇ ದೊಡ್ಡವಾಗುತ್ತವೆ. ಬ್ಯಾಕ್ಟೀರಿಯಾದ ಪಟ್ಟಿಗಳಿಲ್ಲದ 1800–1900ರ ಜಾಗದಲ್ಲಿ ಗೆರೆ ಕಂಡರೆ ಆ ರೋಹಿತ ಬಿಟ್ಟು, ಯಂತ್ರದೊಳಗಿನ ಆವಿ ಹೊರದೂಡುವ ಒಣ ನೈಟ್ರೋಜನ್ ಹರಿವು ಹೆಚ್ಚಿಸುವುದೇ ಸರಿ.

2009ರಲ್ಲಿ ಬರ್ಕ್ಲಿಯ ಹೋಯಿ-ಯಿಂಗ್ ಹೋಲ್ಮನ್ ತಂಡ ಸಿಂಕ್ರೊಟ್ರಾನ್ ಎಂಬ ದೈತ್ಯ ಕಣವೇಗವರ್ಧಕದ ತೀವ್ರ ಬೆಳಕು, ತೆಳ್ಳಗಿನ ತೆರೆದ ನಾಲೆ ಬಳಸಿ ಬಯೋಫಿಲ್ಮ್‌ನ ರಾಸಾಯನಿಕ ಚಿತ್ರವನ್ನು ಆಗಿಂದಾಗ್ಗೆ ತೆಗೆಯಿತು. ನಮ್ಮ ಜಿಲ್ಲೆಗಳ ಲ್ಯಾಬುಗಳಿಗೆ ಅದು ದೂರದ ಮಾತು, ಎಟಿಆರ್ ಹಾಗಲ್ಲ. ಸಿಗಡಿ, ಮೀನಿನಿಂದ ಬರುವ ವಿಬ್ರಿಯೋ ಬ್ಯಾಕ್ಟೀರಿಯಾದ ಬಯೋಫಿಲ್ಮ್‌ಗೆ ಅದೇ ಸಾಕು. ಉಪ್ಪುನೀರು ಬಳಸಿದರೆ ಬ್ಯಾಕ್‌ಗ್ರೌಂಡನ್ನೂ ಅಷ್ಟೇ ಉಪ್ಪಿನಲ್ಲಿ ತೆಗೆಯಬೇಕು. ಮಳೆಗಾಲದಲ್ಲಿ ಇಲ್ಲಿ ಕಾಣಿಸಿಕೊಳ್ಳುವ ಮೆಲಿಯಾಯ್ಡೋಸಿಸ್ ಎಂಬ ಮಾರಕವಾಗಬಲ್ಲ ಸೋಂಕಿನ ಬ್ಯಾಕ್ಟೀರಿಯಾವನ್ನು ಮಾತ್ರ ತೆರೆದ ಎಟಿಆರ್ ಮೇಲೆ ಜೀವಂತ ಇಡುವಂತಿಲ್ಲ. ಜೈವಿಕ ಸುರಕ್ಷಾ ಕ್ಯಾಬಿನೆಟ್‌ನಲ್ಲೇ ಅದನ್ನು ಎಥನಾಲ್‌ನಲ್ಲಿ ಕೊಂದು, ಸತ್ತದ್ದನ್ನು ಮರುಕೃಷಿಯಿಂದ (ಮತ್ತೆ ಬೆಳೆಸಲು ನೋಡಿ) ಖಚಿತಪಡಿಸಿಕೊಂಡು, ಒಣ ಪದರವಾಗಿಯೇ ಓದಬೇಕು.